ಸೈನ್ ಗ್ರಾಫ್ ಕೈಕೊಟ್ಟಾಗ: ಯಾವ ನಂಬರ್ ತಪ್ಪು ಅಂತ ಹುಡುಕೋ ದಾರಿ

ಕಂಪ್ಲೇಂಟ್ ಯಾವಾಗ್ಲೂ ಒಂದೇ ತರ ಬರ್ತದೆ. "ಮಿಸ್, ಫಾರ್ಮುಲಾ ಸರಿ ಉಂಟು, ಗ್ರಾಫಿಗೆ ಮಾತ್ರ ಏನೋ ಆಗಿದೆ." ಫಾರ್ಮುಲಾ ಸರಿ ಇದ್ರೆ ಗ್ರಾಫಿಗೆ ಏನಾಗ್ಲಿಕ್ಕೆ ಉಂಟು ಮಾರಾಯ್ರೆ, ಅದು ಪಾಪ ನೀವು ಕೊಟ್ಟ ನಂಬರನ್ನೇ ಬಿಡಿಸೋದು. ಮಡಿಕೇರಿಲಿ ಪಿಯು ಮಕ್ಕಳಿಗೆ ಟ್ಯೂಷನ್ ಹೇಳ್ತಾ ಹೇಳ್ತಾ ನಂಗೆ ಅರ್ಥ ಆಗಿದ್ದು ಏನಂದ್ರೆ ಸೈನ್ ಗ್ರಾಫಲ್ಲಿ ತಪ್ಪು ಮಾಡೋಕೆ ಏಳೆಂಟು ದಾರಿ ಅಷ್ಟೇ ಇರೋದು, ಪ್ರತಿ ತಪ್ಪಿಗೂ ಅದರದ್ದೇ ಒಂದು ಮುಖ ಉಂಟು, ಮುಖ ನೋಡಿ ಗುರುತು ಹಿಡಿಯೋದು ಕಲಿತ್ರೆ ಎರಡು ನಿಮಿಷದ ಕೆಲಸ, ಇಲ್ಲಾಂದ್ರೆ ಒಂದೊಂದೇ ನಂಬರ್ ತಿರುಗಿಸ್ತಾ ರಾತ್ರಿ ಹತ್ತು ಗಂಟೆ.

ನಾವು ಮಾತಾಡೋದು ಈ ಫಾರ್ಮುಲಾ ಬಗ್ಗೆ:

ವೈ = ಎ ಸೈನ್ (ಬಿ (ಎಕ್ಸ್ − ಸಿ)) + ಡಿ

ಫಸ್ಟ್ ಪಿಯು ಮ್ಯಾಥ್ಸಲ್ಲಿ ಬರೋದು ಇದೇ, ಫಿಸಿಕ್ಸಲ್ಲಿ ಒಮೇಗ, ಫೈ ಅಂತ ವೇಷ ಹಾಕ್ಕೊಂಡು ಬರೋದೂ ಇದೇ. ಎ ಅಂದ್ರೆ ಅಲೆ ನಡುಗೆರೆಯಿಂದ ಎಷ್ಟು ಎತ್ತರ ಏರ್ತದೆ, ಡಿ ಅಂದ್ರೆ ಆ ನಡುಗೆರೆ ಎಲ್ಲುಂಟು, ಬಿ ಅಂದ್ರೆ ಅಲೆ ಎಷ್ಟು ಒತ್ತೊತ್ತಾಗಿ ಬರ್ತದೆ, ಸಿ ಅಂದ್ರೆ ಅಲೆ ಎಲ್ಲಿಂದ ಶುರು. ಇದರಲ್ಲಿ ಎ, ಡಿ ಎರಡೂ ಸೈನ್‌ನ ಹೊರಗೆ ಇರೋರು, ಹೇಳಿದ ಮಾತು ಕೇಳ್ತಾರೆ: ದೊಡ್ಡದು ಮಾಡಿದ್ರೆ ದೊಡ್ಡದಾಗ್ತದೆ, ಪ್ಲಸ್ ಅಂದ್ರೆ ಮೇಲೆ ಹೋಗ್ತದೆ. ಬ್ರಾಕೆಟ್ ಒಳಗೆ ಕೂತಿರೋ ಬಿ, ಸಿ ಇಬ್ಬರೂ ಉಲ್ಟಾ ಗಿರಾಕಿಗಳು. ಬಿ ದೊಡ್ಡದಾದ್ರೆ ಅಲೆ ಚಿಕ್ಕದಾಗ್ತದೆ, ಮೈನಸ್ ಅಂದ್ರೆ ಬಲಕ್ಕೆ ಹೋಗ್ತದೆ. ಮಕ್ಕಳ ಹತ್ತು ತಪ್ಪಲ್ಲಿ ಎಂಟು ಒಳಗಿನವರದ್ದೇ.

ಒಂದು ಕೇಸ್ ಹೇಳ್ತೇನೆ, ಅದನ್ನೇ ಹಿಡ್ಕೊಂಡು ಹೋಗುವ. ಹೋದ ಮಳೆಗಾಲ ನನ್ನ ಹತ್ರ ಬರೋ ಒಬ್ಬ ಹುಡುಗಿ ಮಡಿಕೇರಿಯ ಹಗಲಿನ ಉದ್ದ ಗ್ರಾಫ್ ಮಾಡ್ತೇನೆ ಅಂತ ಹೊರಟ್ಲು. ಫೋನಲ್ಲಿ ಸೂರ್ಯ ಹುಟ್ಟೋ ಮುಳುಗೋ ಟೈಮ್ ನೋಡಿ ಬರ್ಕೊಂಡಿದ್ಲು. ನಮ್ಮೂರು ಇರೋದು ಉತ್ತರ ಅಕ್ಷಾಂಶ ಸುಮಾರು 12.4 ಡಿಗ್ರಿಲಿ, ಹಾಗಾಗಿ ಹಗಲು ಜಾಸ್ತಿ ಏರುಪೇರು ಆಗೋದಿಲ್ಲ, ಜೂನ್ 21ರ ಹತ್ರ ಸುಮಾರು 12 ಗಂಟೆ 51 ನಿಮಿಷ, ಡಿಸೆಂಬರ್ 21ರ ಹತ್ರ ಸುಮಾರು 11 ಗಂಟೆ 23 ನಿಮಿಷ. ನಿಮಿಷಕ್ಕೆ ತಿರುಗಿಸಿದ್ರೆ 771, 683. ಇದನ್ನ ಅವಳು ಎಕ್ಸೆಲಲ್ಲಿ ಹೀಗೆ ಹಾಕಿದ್ಲು:

ಹಗಲು = 88 ಸೈನ್ (360/365 × ದಿನ + 80) + 683

ಮಾರ್ಚ್ 21 ಅಂದ್ರೆ ವರ್ಷದ 80ನೇ ದಿನ, ಅವತ್ತಿಂದ ಅಲೆ ಏರ್ಬೇಕು, ಅದಕ್ಕೆ 80. ಜಾಸ್ತಿಯಿಂದ ಕಮ್ಮಿ ಕಳೆದ್ರೆ 88. ಕೆಳಗಿನ ಮಟ್ಟ 683. ಕೇಳಲಿಕ್ಕೆ ಎಲ್ಲಾ ನ್ಯಾಯವಾಗೇ ಉಂಟು. ಗ್ರಾಫ್ ಒತ್ತಿದ ತಕ್ಷಣ ಸ್ಕ್ರೀನ್ ತುಂಬಾ ಬಾಚಣಿಗೆ. ಒಂದೇ ಲೈನಲ್ಲಿ ನಾಲ್ಕು ತಪ್ಪು, ಆದ್ರೆ ಅವಳು ಮೊದ್ಲು ಕೈ ಹಾಕಿದ್ದು 80ಕ್ಕೆ, 80ನ್ನ 79 ಮಾಡಿದ್ಲು, 81 ಮಾಡಿದ್ಲು, ಮೈನಸ್ ಮಾಡಿದ್ಲು, ಬಾಚಣಿಗೆ ಬಾಚಣಿಗೆಯಾಗೇ ಇತ್ತು.

ಇಲ್ಲೇ ನಾನು ಹೇಳ್ಬೇಕಾದ ಮುಖ್ಯ ವಿಷಯ ಇರೋದು. ಶಿಫ್ಟನ್ನ, ಅಂದ್ರೆ ಸಿಯನ್ನ, ಕೊನೆಗೆ ಮುಟ್ಟಬೇಕು. ಮೊದ್ಲು ಕೋನದ ಅಳತೆ ಡಿಗ್ರಿನಾ ರೇಡಿಯನ್ನಾ ನೋಡಿ, ಆಮೇಲೆ ನಡುಗೆರೆ, ಆಮೇಲೆ ಎತ್ತರ, ಆಮೇಲೆ ಅಲೆಯ ಉದ್ದ, ಎಲ್ಲಾ ಆದ್ಮೇಲೆ ಎಡ ಬಲ ಸರಿಸೋದು. ಯಾಕಂದ್ರೆ ಒಂದು ತಪ್ಪು ಇನ್ನೊಂದನ್ನ ಮುಚ್ಚಿಡ್ತದೆ, ಮತ್ತೆ ಶಿಫ್ಟ್ ಅನ್ನೋದು ಬೇರೆ ಎಲ್ಲರ ತಪ್ಪನ್ನೂ ತನ್ನ ತಲೆಗೆ ಕಟ್ಟಿಸ್ಕೊಳ್ಳೋ ಬಡಪಾಯಿ.

ಬಾಚಣಿಗೆ ಬಂತು, ಇಲ್ಲಾ ಹಗ್ಗ ಬಂತು

ಬಾಚಣಿಗೆ ಬಂದ್ರೆ ಕೂತು ಹಲ್ಲು ಎಣಿಸಿ. ನಿಜವಾಗ್ಲೂ ಎಣಿಸಿ, ಅವಳ ಹತ್ರ ನಾನು ಎಣಿಸಿದ್ದೆ. ವರ್ಷಕ್ಕೆ ಒಂದು ಅಲೆ ಬರೋ ಜಾಗದಲ್ಲಿ 57 ಅಲೆ ಮತ್ತೆ ಸ್ವಲ್ಪ. ಈ 57 ಅನ್ನೋದು ಸುಮ್ನೆ ಬಂದ ನಂಬರ್ ಅಲ್ಲ, ಒಂದು ರೇಡಿಯನ್ ಅಂದ್ರೆ 57.3 ಡಿಗ್ರಿ. ಎಕ್ಸೆಲಿನ ಸೈನ್‌ಗೆ ಡಿಗ್ರಿ ಅಂದ್ರೆ ಏನಂತ ಗೊತ್ತೇ ಇಲ್ಲ, ಏನು ಕೊಟ್ರೂ ರೇಡಿಯನ್ ಅಂತಲೇ ತಗೊಳ್ತದೆ, ಹಾಗಾಗಿ ಅವಳ 360 ಅದಕ್ಕೆ 360 ರೇಡಿಯನ್. ಅಲೆ ಸುಮಾರು ಆರೂಕಾಲು ದಿನಕ್ಕೊಂದು ಬಂತು.

ಇದರ ಉಲ್ಟಾನೂ ಆಗ್ತದೆ. ಫಾರ್ಮುಲಾದಲ್ಲಿ 2 ಪೈ ಬರೆದು ಕ್ಯಾಲ್ಕುಲೇಟರನ್ನ ಡಿಗ್ರಿಲಿ ಇಟ್ಟಿದ್ರೆ ಅಲೆ 57 ಪಟ್ಟು ಎಳೆದು ಹೋಗ್ತದೆ, ಆಗ ಕಾಣೋದು ಬಟ್ಟೆ ಒಣಗಿಸೋ ಹಗ್ಗ. ಅದೇ ಹಗಲಿನ ಲೆಕ್ಕ ಸರಿಯಾದ ನಂಬರಲ್ಲೇ ಡಿಗ್ರಿ ಮೋಡಲ್ಲಿ ಮಾಡಿದ್ರೆ ಇಡೀ ವರ್ಷ 726ರಿಂದ 731ರ ಒಳಗೇ ಮುಗೀತದೆ. ಹಗ್ಗ ಕಂಡ್ರೆ ಡಿಗ್ರಿ ಮೋಡ್, ಬಾಚಣಿಗೆ ಕಂಡ್ರೆ ರೇಡಿಯನ್ ಮೋಡ್, ಇಷ್ಟು ನೆನಪಿದ್ರೆ ಸಾಕು.

ಕನ್ಫರ್ಮ್ ಮಾಡೋಕೆ ಸೈನ್ 30 ಒತ್ತಿ ನೋಡಿ. 0.5 ಬಂದ್ರೆ ಡಿಗ್ರಿ. ಮೈನಸ್ 0.988 ಬಂದ್ರೆ ರೇಡಿಯನ್. ಎಕ್ಸೆಲಲ್ಲಿ ರೇಡಿಯನ್ಸ್ ಅಂತಲೇ ಒಂದು ಫಂಕ್ಷನ್ ಉಂಟು, ಡಿಗ್ರಿಯನ್ನ ಅದರೊಳಗೆ ಹಾಕಿ ಆಮೇಲೆ ಸೈನ್‌ಗೆ ಕೊಡಿ. ಜಿಯೋಜೀಬ್ರಾದಲ್ಲಾದ್ರೆ ಎಕ್ಸ್ ಪಕ್ಕ ಡಿಗ್ರಿ ಚಿಹ್ನೆ ಹಾಕಿದ್ರೆ ಆಯ್ತು, ಹಾಕದೆ ಇದ್ರೆ ರೇಡಿಯನ್.

ಈ ತಲೆನೋವು ಹೊಸದೇನಲ್ಲ. ಆರ್ಯಭಟ 499ರ ಕಾಲದಲ್ಲಿ 24 ಜ್ಯಾಗಳ (ಜ್ಯಾ ಅಂದ್ರೆ ಆಗಿನ ಸೈನ್) ಕೋಷ್ಟಕ ಕೊಟ್ಟಾಗ ವೃತ್ತದ ತ್ರಿಜ್ಯ ತಗೊಂಡಿದ್ದು 3438. ಅದ್ಯಾಕಪ್ಪಾ ಅಷ್ಟು ವಿಚಿತ್ರ ನಂಬರ್ ಅಂದ್ರೆ, ಡಿಗ್ರಿಗೆ 60 ಕಲೆಯಂತೆ ಒಂದು ರೇಡಿಯನ್‌ಗೆ ಅಷ್ಟೇ ಕಲೆ, 57.3ನ್ನ 60ರಿಂದ ಗುಣಿಸಿ ನೋಡಿ. ಆ ತ್ರಿಜ್ಯದಲ್ಲಿ ಕೋನವನ್ನೂ ಜ್ಯಾವನ್ನೂ ಒಂದೇ ಅಳತೆಲಿ ಅಳಿಬಹುದು, ಮೊದಲ ಮೆಟ್ಟಿಲಲ್ಲಿ ಕೋನ 225 ಕಲೆ, ಜ್ಯಾ ಕೂಡ 225. ರೇಡಿಯನ್ ಅನ್ನೋ ಹೆಸರು ಹುಟ್ಟೋಕೆ ಎಷ್ಟೋ ಮೊದ್ಲೇ ಮನುಷ್ಯ ಅದರ ಉಪಯೋಗ ಕಂಡ್ಕೊಂಡಿದ್ದ. ನಮ್ಮ ಮಕ್ಕಳು ಮಾತ್ರ ಈಗ್ಲೂ ಕ್ಯಾಲ್ಕುಲೇಟರ್ ಮೇಲ್ಗಡೆ ಇರೋ ಆ ಸಣ್ಣ ಅಕ್ಷರ ನೋಡಲ್ಲ.

ಮೇಲೆ ಸರಿ, ಕೆಳಗೆ ತಪ್ಪು

360 ಜಾಗದಲ್ಲಿ 2 ಪೈ ಹಾಕಿ ಮೋಡ್ ಸರಿ ಮಾಡಿದ್ಮೇಲೆ ಅವಳ ಬಾಚಣಿಗೆ ಹೋಗಿ ಒಂದು ನೀಟಾದ ಅಲೆ ಬಂತು. ತುದಿ 771. "ಮೇಲ್ಗಡೆ ಸರಿ ಉಂಟಲ್ಲ ಮಿಸ್!" ಹೌದು, ಮೇಲ್ಗಡೆ ಸರಿ ಉಂಟು, ಕೆಳಗಡೆ ನೋಡು. 595. ಅಂದ್ರೆ 9 ಗಂಟೆ 55 ನಿಮಿಷದ ಹಗಲು, ಮಡಿಕೇರಿಲಿ. ಮಂಜು ಮುಸುಕಿದ ದಿನ ಹಾಗೆ ಅನ್ಸಬಹುದು, ಸೂರ್ಯ ಮಾತ್ರ ಹಾಗೆ ಮಾಡೋದಿಲ್ಲ.

ಎರಡು ತಪ್ಪು ಸೇರಿ ಒಂದು ಕಡೆ ಸರಿ ಮಾಡಿದ್ದು ಇದು, ಇದೇ ನೋಡಿ ಡೇಂಜರ್. ಅವಳು ಡಿ ಜಾಗದಲ್ಲಿ ನಡುಗೆರೆ ಬದ್ಲು ತಳ ಇಟ್ಟಿದ್ದಾಳೆ, ಎ ಜಾಗದಲ್ಲಿ ತಳದಿಂದ ತುದಿವರೆಗಿನ ಪೂರ್ತಿ ಎತ್ತರ ಇಟ್ಟಿದ್ದಾಳೆ, 683 ಪ್ಲಸ್ 88 ಸರಿಯಾಗಿ 771, ಹಾಗಾಗಿ ಶಿಖರ ಮಾತ್ರ ನೋಡಿದವರಿಗೆ ಎಲ್ಲಾ ಸರಿ. ಸೈನ್ ತಳದಿಂದ ಮೇಲಕ್ಕೆ ಹೋಗೋದಲ್ಲ, ನಡುವಿಂದ ಮೇಲೂ ಹೋಗ್ತದೆ ಅಷ್ಟೇ ಕೆಳಗೂ ಹೋಗ್ತದೆ. ಜಾಸ್ತಿ, ಕಮ್ಮಿ ಎರಡನ್ನೂ ಕೂಡಿ ಅರ್ಧ ಮಾಡಿದ್ರೆ ಡಿ, 727. ಕಳೆದು ಅರ್ಧ ಮಾಡಿದ್ರೆ ಎ, 44. ಎತ್ತರ ಸರಿಯಾಗಿ ಎರಡು ಪಟ್ಟು ತಪ್ಪಿದ್ರೆ ಈ ಅರ್ಧ ಮಾಡೋದು ಮರೆತಿದ್ದೇ, ಬೇರೆ ಹುಡುಕೋದೇ ಬೇಡ.

ಗ್ರಾಫ್ ಶೀಟಲ್ಲಿ ಮಾಡೋರು ಮೊದ್ಲು ಪೆನ್ಸಿಲಲ್ಲಿ ನಡುಗೆರೆ ಎಳೆದುಬಿಡಿ, ಡಾಟ್ ಡಾಟ್ ಆದ್ರೂ ಪರ್ವಾಗಿಲ್ಲ. ಆ ಗೆರೆ ಇಲ್ಲದೆ ಯಾರೂ ಸರಿಯಾಗಿ ತಪ್ಪು ಹುಡುಕಿದ್ದನ್ನ ನಾನು ನೋಡಿಲ್ಲ.

ಬ್ರಾಕೆಟಿನ ಒಂದು ಸಣ್ಣ ವಿಷಯ. 3 ಸೈನ್ ಎಕ್ಸ್ + 2 ಬೇರೆ, 3 ಸೈನ್ (ಎಕ್ಸ್ + 2) ಬೇರೆ, 3 (ಸೈನ್ ಎಕ್ಸ್ + 2) ಇನ್ನೂ ಬೇರೆ. ಮೊದಲನೇದು ಎರಡು ಮೇಲೆ ಹೋಗ್ತದೆ. ಎರಡನೇದು ಡಿಗ್ರಿಲಿ ಆದ್ರೆ ಬರೀ ಎರಡು ಡಿಗ್ರಿ ಎಡಕ್ಕೆ ಸರಿಯೋದು, ಕಣ್ಣಿಗೇ ಕಾಣಲ್ಲ. ಮೂರನೇದು ಆರು ಮೇಲೆ. ಗ್ರಾಫ್ ಮೇಲೆ ಹೋಗ್ಬೇಕಿತ್ತು, ಇದ್ದಲ್ಲೇ ಉಂಟು ಅಂದ್ರೆ ನಿಮ್ಮ ಡಿ ಬ್ರಾಕೆಟ್ ಒಳಗೆ ಸಿಕ್ಕಿ ಹಾಕ್ಕೊಂಡಿದೆ.

ಇನ್ನು ಅಲೆ ಚಪ್ಪಟೆಯಾಗಿ ಕಾಣ್ತದೆ ಅನ್ನೋ ಕಂಪ್ಲೇಂಟ್. ಫಾರ್ಮುಲಾ ಮುಟ್ಟೋ ಮೊದ್ಲು ವೈ ಅಕ್ಷ ಎಲ್ಲಿಂದ ಶುರುವಾಗಿದೆ ನೋಡಿ. 727 ನಡುಗೆರೆಗೆ 44 ಅಂದ್ರೆ ಏನೂ ಅಲ್ಲ, ಅಕ್ಷ ಸೊನ್ನೆಯಿಂದ ಶುರುವಾದ್ರೆ ಸ್ವಲ್ಪ ಬಗ್ಗಿದ ಗೆರೆ ತರ ಕಾಣೋದು. 650ರಿಂದ ಶುರು ಮಾಡಿದ್ರೆ ಅಲೆ ಎದ್ದು ನಿಲ್ತದೆ. ಅದೇ ದೆಹಲಿಯ ಹಗಲು ತಗೊಂಡ್ರೆ ಎ ಸುಮಾರು 110 ನಿಮಿಷ, ಇಂಗ್ಲೆಂಡ್ ಕಡೆ ಹೋದ್ರೆ ನಾಲ್ಕು ಗಂಟೆಗೂ ಜಾಸ್ತಿ. ಬಿ, ಸಿ ಎಲ್ಲಾ ಊರಿಗೂ ಒಂದೇ, ಡಿ ಕೂಡ ಹೆಚ್ಚುಕಮ್ಮಿ ಅಷ್ಟೇ, ಭೂಮಧ್ಯ ರೇಖೆಯಿಂದ ದೂರ ಹೋದಷ್ಟೂ ಎ ಒಂದೇ ಬೆಳೀತಾ ಹೋಗೋದು. ಆಸ್ಟ್ರೇಲಿಯಾಕ್ಕೆ ಹೋದ್ರೆ ಎ ಮೈನಸ್. ಒಂದು ನಂಬರ್ ಬದ್ಲಾದ್ರೆ ಗ್ರಾಫಿಗೆ ಏನಾಗ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

ಮೊದಲ ಅಲೆ ಕೂತಿತು, ಮೂರನೇದು ಓಡಿಹೋಯ್ತು

ಇದು ಇನ್ನೊಬ್ಬ ಹುಡುಗನ ಕೇಸ್. ಅವನು ಇದೇ ಹಗಲಿನ ಲೆಕ್ಕ ಮೂರು ವರ್ಷಕ್ಕೆ ಮಾಡಿದ, ಲೆಕ್ಕ ಸುಲಭ ಆಗ್ಲಿ ಅಂತ ವರ್ಷಕ್ಕೆ 360 ದಿನ ಹಿಡಿದ. ಮೊದಲ ವರ್ಷ ಶಿಖರ ಒಂದು ದಿನ ಬೇಗ ಬಂತು, ಯಾರಿಗೂ ಗೊತ್ತಾಗಲ್ಲ. ಎರಡನೇ ವರ್ಷ ಆರು ದಿನ ಬೇಗ. ಮೂರನೇ ವರ್ಷ ಹನ್ನೊಂದು ದಿನ. ಅವನು ಶಿಫ್ಟ್ ಹಿಡ್ಕೊಂಡು ಎಳೆದಾಡಿದ, ಮೂರನೇ ಶಿಖರ ಸರಿ ಮಾಡಿದ್ರೆ ಮೊದಲನೇದು ಹಾಳಾಗ್ತದೆ, ಮೊದಲನೇದು ಸರಿ ಮಾಡಿದ್ರೆ ಮೂರನೇದು, ಅಂಗಿ ಎಳೆದ್ರೆ ಬೆನ್ನು ಕಾಣ್ತದೆ ಅನ್ನೋ ಹಾಗೆ.

ಗುರುತು ಇಷ್ಟೇ: ಪ್ರತಿ ಶಿಖರದಲ್ಲೂ ವ್ಯತ್ಯಾಸ ಒಂದೇ ಇದ್ರೆ ತಪ್ಪು ಶಿಫ್ಟಲ್ಲಿ, ಅಲೆಯಿಂದ ಅಲೆಗೆ ವ್ಯತ್ಯಾಸ ಬೆಳೀತಾ ಹೋದ್ರೆ ತಪ್ಪು ಪೀರಿಯಡಲ್ಲಿ, ಅಂದ್ರೆ ಒಂದು ಅಲೆಯ ಉದ್ದದಲ್ಲಿ. ಪೀರಿಯಡ್ ತಪ್ಪಿರೋವಾಗ ಯಾವ ಶಿಫ್ಟೂ ಎಲ್ಲಾ ಅಲೆಯನ್ನ ಕೂರಿಸೋದಿಲ್ಲ. ಶಿಫ್ಟ್ ಕೊನೆಗೆ ಅಂದಿದ್ದು ಅದಕ್ಕೇ. ಅದಕ್ಕೇ ಒಂದೇ ಅಲೆ ನೋಡಿ ತೀರ್ಮಾನ ಮಾಡ್ಬೇಡಿ, ಕನಿಷ್ಠ ಎರಡು ಶಿಖರ ಬೇಕು.

ಬಿ ದೊಡ್ಡದಾದ್ರೆ ಅಲೆ ಯಾಕೆ ಚಿಕ್ಕದಾಗ್ತದೆ ಅಂತ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ, ಕೇಳ್ಲೇಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಅದೇನು ಬದ್ಲಾಗಲ್ಲ. ಬಸ್ಸಿನ ಸ್ಪೀಡ್ ಡಬಲ್ ಆದ್ರೆ ಟೈಮ್ ಅರ್ಧ. ಸೈನ್‌ಗೂ ಒಂದು ಸುತ್ತು ಮುಗಿಸೋಕೆ 360 ಬೇಕೇ ಬೇಕು, ಒಳಗೆ 2ಎಕ್ಸ್ ಇದ್ರೆ ಎಕ್ಸ್ 180 ತಲುಪೋ ಹೊತ್ತಿಗೇ 360 ಆಗಿರ್ತದೆ. ಬಿ ಅಂದ್ರೆ ಸ್ಪೀಡ್, ಪೀರಿಯಡ್ ಅಂದ್ರೆ ಟೈಮ್, 360ನ್ನ ಬಿಯಿಂದ ಭಾಗಿಸಿ, ರೇಡಿಯನಲ್ಲಾದ್ರೆ 2 ಪೈಯನ್ನ. ಪೀರಿಯಡನ್ನೇ ತಗೊಂಡು ಹೋಗಿ ಬಿ ಜಾಗದಲ್ಲಿ ಕೂರಿಸೋರು ಉಂಟು, ಸೈನ್ (365 × ದಿನ) ಅಂತ. ಅದರ ಗ್ರಾಫ್ ಬಗ್ಗೆ ಮಾತಾಡದೇ ಇರೋದು ಒಳ್ಳೇದು.

80ನ್ನ 81 ಮಾಡಿದ್ರೆ ಜಿಗೀತು

ಈಗ ಮತ್ತೆ ಹುಡುಗಿ ಹತ್ರ ಬರುವ. ಮೋಡ್ ಸರಿ, 727 ಸರಿ, 44 ಸರಿ, 365 ಸರಿ. ಉಳಿದಿದ್ದು ಪ್ಲಸ್ 80. ಗ್ರಾಫ್ ನೋಡಿದ್ರೆ ಶಿಖರ ಜುಲೈ 8ರ ಹತ್ರ ಬರ್ತಾ ಉಂಟು, ಬರ್ಬೇಕಾದ್ದು ಜೂನ್ 21ರ ಹತ್ರ. ಹೆಚ್ಚು ಕಮ್ಮಿ 17 ದಿನ ಲೇಟ್. ಅವಳು ಸ್ವಲ್ಪ ಎಡಕ್ಕೆ ತಳ್ಳುವ ಅಂತ 80ನ್ನ 81 ಮಾಡಿದ್ಲು. ಶಿಖರ ಮೇ 11ಕ್ಕೆ ಹೋಗಿ ಕೂತಿತು. ಒಂದೇ ಒಂದು ಹೆಚ್ಚು ಮಾಡಿದ್ದಕ್ಕೆ 58 ದಿನ ಜಿಗಿತ. ಹುಡುಗಿ ನನ್ನ ಮುಖ ನೋಡಿದ್ಲು, ಹೊರಗೆ ಮಳೆ ಶೀಟ್ ಮೇಲೆ ಬಡೀತಾ ಇತ್ತು, ಆಗ್ಲೇ ಕರೆಂಟೂ ಹೋಯ್ತು. ಲ್ಯಾಪ್‌ಟಾಪಲ್ಲಿ ಚಾರ್ಜ್ ಇದ್ದಿದ್ದಕ್ಕೆ ಬಚಾವ್.

ಆ 80 ಕೂತಿರೋ ಜಾಗ ನೋಡಿ. ಬಿ × ದಿನ + 80. ಅದು ಬಿಯಿಂದ ಗುಣಿಸಿದ ಮೇಲೆ ಸೇರೋದು, ಅಂದ್ರೆ ಅದು ದಿನ ಅಲ್ವೇ ಅಲ್ಲ, ರೇಡಿಯನ್. ವರ್ಷಕ್ಕೆ 6.28 ರೇಡಿಯನ್, ಹಾಗಾದ್ರೆ ಒಂದು ರೇಡಿಯನ್‌ಗೆ 58 ದಿನ. 80 ರೇಡಿಯನ್ ಅಂದ್ರೆ ಹನ್ನೆರಡೂಮುಕ್ಕಾಲು ಸುತ್ತಿಗೆ ಸ್ವಲ್ಪ ಕಮ್ಮಿ, ಅಷ್ಟು ತಿರುಗಿ ತಿರುಗಿ ಕೊನೆಗೆ ಅದೃಷ್ಟಕ್ಕೆ ಸರಿ ಜಾಗದ ಹತ್ರ ಬಂದು ನಿಂತಿದೆ ಅಷ್ಟೇ. ಹತ್ತಿರ ಬಂದಿದೆ ಅಂದ ಮಾತ್ರಕ್ಕೆ ಸರಿಯಾಗ್ತಾ ಉಂಟು ಅಂತಲ್ಲ. ಶಿಫ್ಟನ್ನ ಚೂರು ಬದ್ಲಾಯಿಸಿದ್ರೆ ಗ್ರಾಫ್ ಎಲ್ಲೋ ಹಾರಿಹೋಗ್ತಾ ಉಂಟು ಅಂದ್ರೆ ನಿಮ್ಮ ಸಿ ಒಳಗಿನ ಬ್ರಾಕೆಟಿಂದ ಹೊರಗೆ ಬಿದ್ದಿದೆ. ಬಿಯನ್ನ ಕಾಮನ್ ತೆಗೀರಿ: ಬಿ (ದಿನ − 80). ಆಗ 80 ನಿಜವಾದ 80 ದಿನ ಆಗ್ತದೆ.

ಪ್ಲಸ್ಸಾ ಮೈನಸ್ಸಾ ಅನ್ನೋದಕ್ಕೆ ಬಾಯಿಪಾಠ ಮಾಡ್ಬೇಡಿ, ಪರೀಕ್ಷೆ ಹಾಲಲ್ಲಿ ಮರೆತುಹೋಗ್ತದೆ. ಒಂದೇ ಪ್ರಶ್ನೆ ಕೇಳಿ: ಸೈನ್ ಒಳಗಿರೋದು ಸೊನ್ನೆ ಆಗೋದು ಎಲ್ಲಿ? ಅಲ್ಲಿಂದಲೇ ಅಲೆ ಶುರು. ದಿನ − 80 ಸೊನ್ನೆ ಆಗೋದು 80ನೇ ದಿನ, ಬಲಗಡೆ. ದಿನ + 80 ಸೊನ್ನೆ ಆಗೋದು ಮೈನಸ್ 80ಕ್ಕೆ, ಎಡಗಡೆ. 2ಎಕ್ಸ್ − 60 ಸೊನ್ನೆ ಆಗೋದು 30ಕ್ಕೆ, 60ಕ್ಕಲ್ಲ. ಚಿಹ್ನೆಯ ತಪ್ಪು, ಕಾಮನ್ ತೆಗೆಯದ ತಪ್ಪು ಎರಡೂ ಈ ಒಂದೇ ಪ್ರಶ್ನೆಗೆ ಸಿಕ್ಕಿ ಬೀಳ್ತವೆ. ಅದೇ ತರ ಒಳಗಿರೋದು 360 ಆಗೋದು ಎಲ್ಲಿ ಅಂತ ಕೇಳಿದ್ರೆ ಅಲೆ ಮುಗಿಯೋ ಜಾಗ.

ಉದಾಹರಣೆಗೆ ವೈ = 3 ಸೈನ್ (2ಎಕ್ಸ್ − 60°) + 1. ಒಳಗೆ 0, 90, 180, 270, 360 ಆಗೋ ಎಕ್ಸ್ ಹುಡುಕಿ: 30, 75, 120, 165, 210. ವೈ ಕ್ರಮವಾಗಿ 1, 4, 1, ಮೈನಸ್ 2, 1. ಐದು ಚುಕ್ಕೆ ಇಟ್ಟು ಸೇರಿಸಿದ್ರೆ ಮುಗೀತು. ನಿಮ್ಮ ಗ್ರಾಫ್ ಈ ಐದರಲ್ಲಿ ಯಾವುದನ್ನ ತಪ್ಪಿಸ್ಕೊಂಡಿದೆ ಅಂತ ನೋಡಿದ್ರೆ ಯಾರ ತಪ್ಪು ಅಂತ ಅದೇ ಹೇಳ್ತದೆ.

ಸೊನ್ನೆ, ಸೊನ್ನೆ, ಸೊನ್ನೆ

ಐದು ಚುಕ್ಕೆ ಅಂದ ಕೂಡ್ಲೇ ಇನ್ನೊಂದು ಅಪಘಾತ ನೆನಪಾಯ್ತು. "ಮಿಸ್, ಸೈನ್ 2ಎಕ್ಸ್ ಗ್ರಾಫ್ ಸ್ಟ್ರೈಟ್ ಲೈನ್ ಅಲ್ವಾ?" ಹುಡುಗ ಟೇಬಲ್ ತೋರಿಸಿದ, ಎಕ್ಸ್ 0, 90, 180, 270, 360, ವೈ ಎಲ್ಲಾ ಸೊನ್ನೆ. ಲೆಕ್ಕ ಒಂದೂ ತಪ್ಪಿಲ್ಲ! ಸೈನ್ 180, ಸೈನ್ 360, ಎಲ್ಲಾ ಸೊನ್ನೆಯೇ. ಅವನು ಆರಿಸ್ಕೊಂಡ ಜಾಗದಲ್ಲೆಲ್ಲಾ ಅಲೆ ನಡುಗೆರೆ ದಾಟ್ತಾ ಇತ್ತು, ಏರಿದ್ದು ಇಳಿದಿದ್ದು ಎಲ್ಲಾ ಅವನು ನೋಡದ ಜಾಗದಲ್ಲಿ.

ಸೈನ್ 3ಎಕ್ಸ್ ಇನ್ನೂ ಮೋಸ. ಅದೇ ಐದು ಜಾಗದಲ್ಲಿ 0, ಮೈನಸ್ 1, 0, 1, 0 ಬರ್ತದೆ, ಸೇರಿಸಿದ್ರೆ ಒಂದು ಚಂದದ ತಲೆಕೆಳಗಾದ ಸೈನ್ ಎಕ್ಸ್. ನೋಡಲಿಕ್ಕೆ ಎಷ್ಟು ಸರಿ ಕಾಣ್ತದೆ ಅಂದ್ರೆ ಕರೆಕ್ಷನ್ ಮಾಡೋರೂ ಒಂದು ಸಲ ಎಡವಬಹುದು. ಚುಕ್ಕೆಯ ಅಂತರ ಬಿಗೆ ತಕ್ಕ ಹಾಗೆ ಇರ್ಬೇಕು, 90ನ್ನ ಬಿಯಿಂದ ಭಾಗಿಸಿ, 2ಎಕ್ಸ್‌ಗೆ 45, 3ಎಕ್ಸ್‌ಗೆ 30. ಅದಕ್ಕಿಂತ ಒತ್ತಾಗಿ ಇಟ್ರೆ ಇನ್ನೂ ಒಳ್ಳೇದು. ತಿಂಗಳಿಗೊಂದು ಚುಕ್ಕೆ ಇಟ್ಟು ಆರು ದಿನದ ಅಲೆ ಹಿಡೀತೇನೆ ಅಂದ್ರೆ ಆಗಲ್ಲ, ನಮ್ಮ ಹುಡುಗಿ ದಿನಕ್ಕೊಂದು ಚುಕ್ಕೆ ಇಟ್ಟಿದ್ದಕ್ಕೇ 57 ಹಲ್ಲು ಎಣಿಸೋಕೆ ಸಿಕ್ಕಿದ್ದು.

ಗೋಡೆಯ ಪ್ಲಗ್

ಸೆಕೆಂಡ್ ಪಿಯು ಫಿಸಿಕ್ಸಿನವರು ಮಾಡೋ ತಪ್ಪು. ಮನೆ ಕರೆಂಟ್ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ವೋಲ್ಟೇಜ್ = 230 ಸೈನ್ (50 ಟಿ). ಎರಡು ನಂಬರ್, ಎರಡೂ ತಪ್ಪು. 230 ಅನ್ನೋದು ಆರ್‌ಎಂಎಸ್, ಅಂದ್ರೆ ಒಂದು ತರದ ಸರಾಸರಿ, ಶಿಖರ ಅಲ್ಲ, ಶಿಖರ ಬೇಕಾದ್ರೆ 1.41ರಿಂದ ಗುಣಿಸಿ, ಸುಮಾರು 325. 50 ಅನ್ನೋದು ಸೆಕೆಂಡಿಗೆ ಎಷ್ಟು ಅಲೆ ಅನ್ನೋದು, ಬಿ ಆಗ್ಬೇಕಾದ್ರೆ ಅದನ್ನ 2 ಪೈನಿಂದ ಗುಣಿಸ್ಬೇಕು, 314. ಸರಿಯಾದ್ದು 325 ಸೈನ್ (314 ಟಿ), ಅಲೆಯ ಉದ್ದ 20 ಮಿಲಿಸೆಕೆಂಡ್. ಅವರ ಗ್ರಾಫಲ್ಲಿ ಬರೋದು 126 ಮಿಲಿಸೆಕೆಂಡ್.

ಇಷ್ಟೊತ್ತಿಗೆ ಒಂದು ವಿಷಯ ಗಮನಕ್ಕೆ ಬಂದಿರ್ಬೇಕು, ಎಷ್ಟು ಪಟ್ಟು ತಪ್ಪಿದೆ ಅನ್ನೋದೇ ದೊಡ್ಡ ಸುಳಿವು. ಗ್ರಾಫ್ ತಪ್ಪು ಅಂದ ಕೂಡ್ಲೇ ನಾನು ಕೇಳೋದು ಎಷ್ಟು ಪಟ್ಟು ಅಂತ. 57 ಅಂದ್ರೆ ಡಿಗ್ರಿ ರೇಡಿಯನ್ ಜಗಳ, 6.28 ಅಂದ್ರೆ 2 ಪೈ ಮರೆತಿದ್ದು, 2 ಅಂದ್ರೆ ತಳದಿಂದ ತುದಿ ಅಳೆದಿದ್ದು, 1.41 ಅಂದ್ರೆ ಆರ್‌ಎಂಎಸ್. ನಮ್ಮ ಕಡೆ ಮಳೆಗಾಲದಲ್ಲಿ ಇನ್ವರ್ಟರ್ ಇಲ್ಲದ ಮನೆ ಕಮ್ಮಿ, ಫಿಸಿಕ್ಸ್ ಮಕ್ಕಳಿಗೆ ಇದನ್ನೂ ಹೇಳಿರ್ತೇನೆ: ಕಮ್ಮಿ ರೇಟಿನ ಇನ್ವರ್ಟರಿಂದ ಹೊರಗೆ ಬರೋದು ಎಷ್ಟೋ ಸಲ ಸೈನ್ ಅಲ್ಲ, ಮೆಟ್ಟಿಲು ಮೆಟ್ಟಿಲು ಅಲೆ, ಫ್ಯಾನ್ ಗುಯ್ ಅನ್ನೋದು ಅದಕ್ಕೇ. ಅದಕ್ಕೆ ಎ, ಬಿ, ಸಿ, ಡಿ ಎಷ್ಟು ತಿರುಗಿಸಿದ್ರೂ ಕೂರಲ್ಲ.

ಉತ್ತರ ಬೇರೆ, ತಪ್ಪಿಲ್ಲ

ಕೆಲವು ಸಲ ತಪ್ಪೇ ಇರೋದಿಲ್ಲ, ಆದ್ರೂ ಮಕ್ಕಳು ಅರ್ಧ ಗಂಟೆ ತಪ್ಪು ಹುಡುಕ್ತಾರೆ. ಒಬ್ಬಳು ಮೈನಸ್ 2 ಸೈನ್ ಎಕ್ಸ್ ಬರೆದಳು, ಪಕ್ಕದವಳು 2 ಸೈನ್ (ಎಕ್ಸ್ − 180°) ಬರೆದಳು, ಪುಸ್ತಕದ ಹಿಂದೆ 2 ಸೈನ್ (ಎಕ್ಸ್ + 180°) ಉಂಟು. ಮೂರೂ ಒಂದೇ ಗ್ರಾಫ್. ಕಾಸ್ ಎಕ್ಸ್ ಕೂಡ 90 ಡಿಗ್ರಿ ಎಡಕ್ಕೆ ಸರಿದು ನಿಂತ ಸೈನೇ. ಅನುಮಾನ ಬಂದ್ರೆ ಎರಡನ್ನೂ ಒಂದೇ ಶೀಟಲ್ಲಿ ಹಾಕಿ, ಒಂದರ ಮೇಲೊಂದು ಕೂತ್ರೆ ಜಗಳ ಇಲ್ಲ. ಆಂಪ್ಲಿಟ್ಯೂಡ್ ಎಷ್ಟು ಅಂತ ಕೇಳಿದ್ರೆ ಮಾತ್ರ ಮೈನಸ್ 2 ಅನ್ಬೇಡಿ, 2 ಅನ್ನಿ, ಎತ್ತರಕ್ಕೆ ಮೈನಸ್ ಇಲ್ಲ.

ಮತ್ತೆ ಸೈನೇ ಅಲ್ಲದ್ದಕ್ಕೆ ಸೈನ್ ಹೊಂದಿಸೋದು ಉಂಟು. ಒಬ್ಬ ಕೊಡಗಿನ ತಿಂಗಳ ಮಳೆ ಲೆಕ್ಕಕ್ಕೆ ಸೈನ್ ಹಾಕಿದ, ವರ್ಷ ವರ್ಷ ಮರಳಿ ಬರ್ತದಲ್ಲಾ ಅಂತ. ಜೂನ್, ಜುಲೈ, ಆಗಸ್ಟಲ್ಲಿ ಸುರಿಯೋದು ಎಲ್ಲಾ ಸುರಿದು ಜನವರಿಲಿ ಖಾಲಿ, ಮಾರ್ಚಲ್ಲಿ ಕಾಫಿ ಹೂವಿಗೆ ಎರಡು ಹನಿ ಬಿದ್ರೆ ಪುಣ್ಯ. ಅವನ ಗ್ರಾಫ್ ಜನವರಿಲಿ ನಡುಗೆರೆಯಿಂದ ಕೆಳಗಿಳಿದು ಸೊನ್ನೆಗಿಂತ ಕೆಳಗೆ ಹೋಯ್ತು, ಅಂದ್ರೆ ಮಳೆ ನೆಲದಿಂದ ಮೋಡಕ್ಕೆ ಹೋಗ್ತಾ ಉಂಟು. ಸೈನ್‌ನ ಮೇಲಿನ ಅರ್ಧ, ಕೆಳಗಿನ ಅರ್ಧ ಒಂದೇ ಅಚ್ಚು, ನಮ್ಮ ಮಳೆ ಹಾಗಲ್ಲ. ಇಲ್ಲಿ ನಂಬರ್ ರಿಪೇರಿ ಮಾಡಿ ಪ್ರಯೋಜನ ಇಲ್ಲ.

ಹುಡುಗಿಯ ಹಗಲು ಮಾತ್ರ ಚೆನ್ನಾಗಿ ಕೂತಿತು. 44 ಸೈನ್ (2 ಪೈ/365 × (ದಿನ − 80)) + 727. ಜೂನಲ್ಲಿ ಸರಿ, ಡಿಸೆಂಬರಲ್ಲಿ ಒಂದು ದಿನ ಆಚೀಚೆ. ಆದ್ರೆ ಸೆಪ್ಟೆಂಬರಲ್ಲಿ ಅಲೆ ಇಳಿಯೋವಾಗ ನಡುಗೆರೆ ದಾಟಿದ್ದು 19, 20ರ ಹೊತ್ತಿಗೆ, ಹಗಲು ಮಾರ್ಚ್ 21ರ ಅಳತೆಗೇ ವಾಪಸ್ ಬರೋದು 22, 23ಕ್ಕೆ. ಮೂರು ದಿನ. ಮತ್ತೆ ಶುರು ಮಾಡಿದ್ಲು, ಸಿ 81, ಸಿ 82, ಸೆಪ್ಟೆಂಬರ್ ಹತ್ರ ಬಂದ್ರೆ ಮಾರ್ಚ್ ಹಾಳು. ಸಾಕು ಬಿಡು ಅಂದೆ, ಇದು ನಿನ್ನ ನಂಬರ್ ತಪ್ಪಲ್ಲ. ಭೂಮಿ ಸೂರ್ಯನ ಸುತ್ತ ಹೋಗೋ ದಾರಿ ಸರಿಯಾದ ವೃತ್ತ ಅಲ್ಲ, ಜನವರಿ ಶುರುವಲ್ಲಿ ಸೂರ್ಯನಿಗೆ ಹತ್ರ ಇರ್ತದೆ, ಆಗ ಬೇಗ ಬೇಗ ಓಡ್ತದೆ, ಹಾಗಾಗಿ ಮಾರ್ಚಿಂದ ಸೆಪ್ಟೆಂಬರ್‌ಗೆ 186 ದಿನ, ಸೆಪ್ಟೆಂಬರಿಂದ ಮಾರ್ಚ್‌ಗೆ 179. ಸೈನ್ ಎರಡೂ ಅರ್ಧಕ್ಕೆ 182.5 ಕೊಡ್ತದೆ, ಅದಕ್ಕೆ ಬೇರೆ ಗೊತ್ತಿಲ್ಲ.

ಅವಳು ಸ್ವಲ್ಪ ಹೊತ್ತು ಸ್ಕ್ರೀನ್ ನೋಡ್ತಾ ಕೂತ್ಲು. ಆಮೇಲೆ ಗ್ರಾಫ್ ಶೀಟಲ್ಲಿ ಸೆಪ್ಟೆಂಬರಿನ ಹತ್ರ ಪೆನ್ಸಿಲಲ್ಲಿ ಸಣ್ಣಕ್ಕೆ "3 ದಿನ, ಭೂಮಿಯದ್ದು" ಅಂತ ಬರೆದು ಬ್ಯಾಗಿಗೆ ಹಾಕ್ಕೊಂಡ್ಲು.